ನಾನು ಜಾಗ ತಪ್ಪಿಸಿ ನೆಟ್ಟ ಬೋರ್ಡು

ನನ್ನ ದೊಡ್ಡಪ್ಪನ ಮಗ ಊರಿನಲ್ಲಿ ಈಗಲೂ ಎಲ್ಲರಿಗೂ ಹೇಳುತ್ತಾನೆ: "ಕತಾರಿನಲ್ಲಿ ನನ್ನ ಅನ್ನ ಕಳೆದದ್ದು ಒಂದು ಬೋರ್ಡು." ಬೋರ್ಡಲ್ಲ, ನಾನು. ಅವನು ಓದುತ್ತಾನೆಂದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದಲ್ಲಿ ನನಗೆ ವೀಸಾ ಕೊಡಿಸಿದವನು ಅವನೇ; ನಾನು ಅಣ್ಣ ಎಂದೇ ಕರೆಯುವುದು. ರಸ್ತೆ ಬದಿಗೆ ಬೋರ್ಡು ನೆಡುವ ಕಂಪನಿಯಲ್ಲಿ ಅವನು ಫೋರ್‌ಮನ್, ನಾನು ಹೆಲ್ಪರ್. ಮುಐದರ್ ಎಂಬ ಬಡಾವಣೆಯ ಹಳೆಯ ವಿಲ್ಲಾದ ಒಂದು ಕೋಣೆಯಲ್ಲಿ ಊರಿನವರೇ ಒಟ್ಟಿಗಿದ್ದೆವು. ಫೋನ್ ದುಬಾರಿ. ಮನೆಯವರು ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ, ರಜೆ ಮುಗಿಸಿ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ನಾನು ಮದುವೆಯಾದ ಹೊಸತರಲ್ಲೇ ಹೆಂಡತಿಯನ್ನು ಬಿಟ್ಟು ಬಂದಿದ್ದೆ. ಅವಳ ಮೊದಲ ಕ್ಯಾಸೆಟ್ಟು ಬಂದಾಗ ನಾನು ಬಚ್ಚಲಲ್ಲಿದ್ದೆ. ಹೊರಗೆ ಬಂದರೆ ಅಣ್ಣನ ಟೇಪ್‌ರೆಕಾರ್ಡರಿನಲ್ಲಿ ಅವಳ ದನಿ: "ನಿಮ್ಮ ತಲೆದಿಂಬನ್ನೇ ತಬ್ಬಿಕೊಂಡು ಮಲಗ್ತೇನೆ..."

ಕೋಣೆ ತುಂಬ ನಗು. ಅಣ್ಣ ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಹಾಕಿದ.

"ಏ ದಿಂಬು, ನಾಚುದು ಎಂತಕ್ಕೆ ಮಾರಾಯ? ನಾವೆಲ್ಲ ಹೊರಗಿನವರಾ?"

ಅಂದಿನಿಂದ ನನ್ನ ಹೆಸರೇ ಹೋಯಿತು. ದಿಂಬು, ಊಟಕ್ಕೆ ಬಾ. ದಿಂಬು, ಗುದ್ದಲಿ ತಾ. ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಒಂದೇ ಹಟ: ಇವನನ್ನು ವಿಮಾನ ಹತ್ತಿಸದೆ ಬಿಡುವುದಿಲ್ಲ.

ದುಖಾನ್ ರಸ್ತೆಯಲ್ಲಿ ಒಂದು ಹಳೆಯ ಕಾಳಗದ ಜಾಗಕ್ಕೆ ಬೋರ್ಡು ನೆಡುವ ಕೆಲಸ ಬಂತು. ಅರೇಬಿಕ್ ಕೆಳಗೆ ಇಂಗ್ಲಿಷಿತ್ತು. ಎಸ್ಸೆಸ್ಸೆಲ್ಸಿಯ ಇಂಗ್ಲಿಷಿನಲ್ಲಿ ಕೂಡಿಸಿ ಕೂಡಿಸಿ ಓದಿದೆ. ಒಂದೇ ನಾಡಿನವರು ಎರಡು ಪಾಳಯವಾಗಿ ಇಲ್ಲಿ ಕಾದಾಡಿದರು, ಸತ್ತವರನ್ನು ಇಲ್ಲೇ ಹೂಳಿದರು ಎಂದಿತ್ತು. ಅಣ್ಣ ಸರಕಾರದ ಅಧಿಕಾರಿಯ ಜೊತೆ ಹೋಗಿ, ದಿಬ್ಬದ ಆಚೆ, ಒರಟು ಕಲ್ಲುಗಳನ್ನು ನಿಲ್ಲಿಸಿದ್ದ ಕಡೆ, ಬೋರ್ಡಿನ ಜಾಗದ ಗುರುತಿಗೆ ಕೆಂಪು ಬಟ್ಟೆ ಕಟ್ಟಿದ ಕಬ್ಬಿಣದ ಗೂಟ ಹೊಡೆದು ಬಂದಿದ್ದ. ಆ ಕಲ್ಲುಗಳೇ ಗೋರಿ. ನೆಡುವ ದಿನ ಅವನಿಗೆ ಬೇರೆ ಕೆಲಸವಿತ್ತು. ಡ್ರೈವರ್ ಗಾಡಿಯಲ್ಲಿ ನಿದ್ದೆ ಹೋದ. ನಾನು ಗೂಟ ಕಿತ್ತು ತಂದು ದಿಬ್ಬದ ಈಚೆ, ಏನೂ ಇಲ್ಲದ ಬಯಲಿನಲ್ಲಿ ಹೊಡೆದೆ. ಆಮೇಲೆ ಡ್ರೈವರನ್ನು ಎಬ್ಬಿಸಿ ಇಬ್ಬರೂ ಅಲ್ಲೇ ಹೊಂಡ ತೋಡಿದೆವು, ಕಾಂಕ್ರೀಟ್ ಹಾಕಿದೆವು.

ತಪಾಸಣೆಯ ದಿನ ಅಣ್ಣ ಸುತ್ತ ನೋಡಿದ. "ಇಲ್ಲೇ ಹೊಡೆದದ್ದಾ ನಾನು?"

"ಇಲ್ಲೇ ಅಣ್ಣ, ನಿನ್ನ ಗೂಟ ಇಲ್ಲೇ ಇತ್ತು. ಈ ಬಯಲೆಲ್ಲ ಒಂದೇ ರೀತಿ ಕಾಣ್ತದೆ."

ಅಧಿಕಾರಿ ಕಾರಿನಿಂದ ಇಳಿಯಲೂ ಇಲ್ಲ. ರಸ್ತೆಗೆ ಚೆನ್ನಾಗಿ ಕಾಣುತ್ತದೆಂದು ಅಣ್ಣನನ್ನೇ ಹೊಗಳಿ ಹೋದ. ನನಗೆ ಮೈಯೆಲ್ಲ ಉರಿಯಿತು.

ಕೆಲವು ವಾರದ ಮೇಲೆ ಅದರ ಹತ್ತಿರವೇ ಬೇರೊಂದು ಬೋರ್ಡಿನ ಕೆಲಸದಲ್ಲಿದ್ದೆವು. ಅಣ್ಣ ಚಹಾ ತರಲು ಹೋಗಿದ್ದ. ಕೋಲೂರಿಕೊಂಡು ಒಬ್ಬ ಕತಾರಿ ಮುದುಕ ಮಗನ ಜೊತೆ ಬಂದು, ನಾವು ನೆಟ್ಟ ಕಾಳಗದ ಬೋರ್ಡಿನ ಬುಡದಲ್ಲಿ ನಿಂತು ಕೈಯೆತ್ತಿ ಪ್ರಾರ್ಥಿಸಿದ. ಮುಗಿಸಿ ನನ್ನತ್ತ ಬಂದ. ಹಿಂದೆ ಬೊಂಬಾಯಿ ವ್ಯಾಪಾರದಲ್ಲಿದ್ದನೋ ಏನೋ, ಚೊಕ್ಕ ಹಿಂದಿ. ಅವನ ಅಜ್ಜ ಇಲ್ಲಿ ಸತ್ತದ್ದಂತೆ. ಕೊಂದವನು ಅಜ್ಜನ ಚಿಕ್ಕಪ್ಪನ ಮಗ.

"ಚಿಕ್ಕವನಿದ್ದಾಗ ಅಪ್ಪ ತೋರಿಸಿದ್ದರು. ಕಲ್ಲುಗಳಿದ್ದವು. ಈಗ ಇಲ್ಲಿ ಏನೂ ಇಲ್ಲ. ವಯಸ್ಸಾಯಿತು, ನನಗೇ ಮರೆತಿರಬೇಕು, ಅಲ್ಲವಾ?"

ಅವನ ಕಣ್ಣು ನೋಡಲಾಗಲಿಲ್ಲ. ಆದರೂ ನನ್ನ ಬಾಯಿಗೆ ಬಂದದ್ದು ಕನಿಕರವಲ್ಲ. ಕಾಯುತ್ತಿದ್ದ ಸಮಯ ಬಂತು ಎಂದುಕೊಂಡೆ. "ನಿಮಗೆ ಮರೆತಿಲ್ಲ ಬಾಬಾ, ಕಲ್ಲುಗಳು ದಿಬ್ಬದ ಆಚೆ ಇವೆ," ಎಂದೆ. "ನಾನು ಹೇಳಿದೆ, ಫೋರ್‌ಮನ್ ಕೇಳಲಿಲ್ಲ."

ದೂರು ಹೋಯಿತು. ಕಂಪನಿ ಇಬ್ಬರನ್ನೂ ಕರೆಸಿತು. ನನ್ನ ಸರದಿ ಬರುವ ಮೊದಲೇ ಅಣ್ಣ ಮ್ಯಾನೇಜರಿಗೆ ಹೇಳಿದ್ದ: "ಗೂಟ ಹೊಡೆದದ್ದು ನಾನು. ಅವನು ಹೊಸಬ, ತೋರಿಸಿದಲ್ಲಿ ಅಗೆದಿದ್ದಾನೆ. ಅವನನ್ನು ಬಿಡಿ." ಅವನಿಗೆ ಖಲಾಸ್ ಆಯಿತು, ಕೆಲಸ ಹೋಗಿ ಊರಿಗೆ ಕಳಿಸುವುದೆಂದಾಯಿತು. ನಾನು ಉಳಿದೆ. ಬೋರ್ಡು ಸರಿಯಾದ ಜಾಗಕ್ಕೆ ಹೋಗುವವರೆಗೆ ಅವನಿಗೆ ಬಿಡುಗಡೆ ಇರಲಿಲ್ಲ. ಕಲ್ಲುಗಳ ಪಕ್ಕದಲ್ಲಿ ಅವನೂ ನಾನೂ ಸೇರಿ ಹೊಸ ಹೊಂಡ ತೋಡಿದೆವು. "ಮೆಲ್ಲ ಮಾರಾಯ ದಿಂಬು, ಕೆಳಗೆ ಜನ ಮಲಗಿದ್ದಾರೆ," ಎಂದು ನಕ್ಕ. ಆ ನಗುವಿಗೂ ನನ್ನ ಸಿಟ್ಟು ಇಳಿಯಲಿಲ್ಲ.

ವಿಮಾನ ನಿಲ್ದಾಣದಲ್ಲಿ ತನ್ನ ಟೇಪ್‌ರೆಕಾರ್ಡರನ್ನು ನನ್ನ ಕೈಗಿತ್ತ. "ನಿನಗಿರಲಿ. ಅವಳ ಕ್ಯಾಸೆಟ್ಟು ನೀನೊಬ್ಬನೇ ಕೇಳು. ನಾನು ಹಾಗೆ ಮಾಡಬಾರದಿತ್ತು." ಆಗಲೂ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ಅವನು ಒಳಗೆ ಹೋದ ಮೇಲೆ ನನ್ನ ಹೊಟ್ಟೆ ತಣ್ಣಗಾಯಿತು. ಬರೆಯಲು ಎಲ್ಲಕ್ಕಿಂತ ಕಷ್ಟವಾದದ್ದು ಈ ಮಾತು.

ಆಮೇಲೆ ಫೋರ್‌ಮನ್ ಆದವನು ನಾನೇ. ದುಖಾನಿಗೆ ಹೋಗುವಾಗೆಲ್ಲ ಆ ಬೋರ್ಡು ಬರುವ ಮೊದಲೇ ಮುಖ ಆಚೆ ತಿರುಗಿಸುತ್ತಿದ್ದೆ. ಊರಿನ ಮದುವೆಗಳಲ್ಲಿ ಅಣ್ಣ ಇಂದಿಗೂ ಪಕ್ಕಕ್ಕೆ ಕರೆದು ಕೂರಿಸಿಕೊಳ್ಳುತ್ತಾನೆ, ಎಲೆಗೆ ಬಡಿಸಲು ಹೇಳುತ್ತಾನೆ, "ನನ್ನ ಗೂಟ ತಪ್ಪಿತಲ್ಲ ಮಾರಾಯ" ಎಂದು ನಗುತ್ತಾನೆ.

ತಪ್ಪಿರಲಿಲ್ಲ ಅಣ್ಣ. ನೀನು ಸರಿಯಾಗಿಯೇ ಹೊಡೆದಿದ್ದೆ. ಕಿತ್ತವನು ನಾನು.