ಚಾಚಾ ಆರಿಸಿಕೊಟ್ಟ ನಡುವಿನ ಮಾಡೆಲ್

ಹೋದ ತಿಂಗಳು ದಾವಣಗೆರೆಯ ಷೋರೂಮೊಂದರಲ್ಲಿ ಹೊಸ ಪಿಕಪ್ ಗಾಡಿಯ ಬಾಗಿಲು ತೆಗೆದಾಗ ರೆಕ್ಸಿನ್ ಮತ್ತು ಗೋಂದಿನ ವಾಸನೆ ಮುಖಕ್ಕೆ ಬಡಿಯಿತು. ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. ಹೊಸ ಗಾಡಿಯ ವಾಸನೆ ಎಂದರೆ ಕೆಲವರಿಗೆ ಖುಷಿ, ಕೆಲವರಿಗೆ ತಲೆನೋವು. ನನಗೆ ಮಾತ್ರ ಹರಿಹರದ ಒಂದು ಸಣ್ಣ ಅಂಗಡಿ ಕಣ್ಮುಂದೆ ಬಂತು, ಅದರೊಳಗೆ ಕಿವಿಯ ಮೇಲೆ ಸೀಮೆಸುಣ್ಣದ ತುಂಡು ಸಿಕ್ಕಿಸಿಕೊಂಡು ಕೂತಿರುತ್ತಿದ್ದ ಸೀಟಿನ ಚಾಚಾ ಬಂದರು. ಷೋರೂಮಿನವರು ಏನೇನೋ ವಿವರಿಸುತ್ತಿದ್ದರು. ನಾನು ಹೂಂ, ಹೂಂ ಅನ್ನುತ್ತಿದ್ದೆ, ಒಂದೂ ತಲೆಗೆ ಹೋಗಲಿಲ್ಲ.

ಲಾರಿ, ಟೆಂಪೊ, ಲಗೇಜ್ ಆಟೊಗಳಿಗೆ ಸೀಟು ಹೊಲಿಯುವುದು ಅವರ ಕಸುಬು. ಊರವರೆಲ್ಲ ಅವರನ್ನು ಸೀಟಿನ ಚಾಚಾ ಅನ್ನುತ್ತಿದ್ದರು, ನಾವೂ ಹಾಗೇ ಅಂದೆವು. ಅಂಗಡಿಯ ನಡುವೆ ಯಾವುದೋ ಗುಜರಿ ಲಾರಿಯ ಸೀಟೊಂದನ್ನು ಇಟ್ಟಿಗೆಗಳ ಮೇಲೆ ಕೂರಿಸಿದ್ದರು. ಯಾರೇ ಬರಲಿ, ಮೊದಲು ಅದರ ಮೇಲೆ ಕೂರಬೇಕು. ಕೂತವರ ಎತ್ತರ ನೋಡಿ ಇಟ್ಟಿಗೆ ಸೇರಿಸುವುದು, ತೆಗೆಯುವುದು, ಹಿಮ್ಮಡಿ ಎಲ್ಲಿ ಊರುತ್ತದೋ ಅಲ್ಲಿ ನೆಲದ ಮೇಲೆ ಒಂದು ಗೆರೆ ಎಳೆಯುವುದು. ಇಷ್ಟಾದ ಮೇಲೆಯೇ ಮುಂದಿನ ಮಾತು. ಅವಸರದಲ್ಲಿದ್ದವರು ‘ಬರೇ ಕವರ್ ಹಾಕಿಕೊಡ್ರಿ ಸಾಕು’ ಅಂದರೆ, ‘ಕವರ್ ಬೇಕಂದ್ರೆ ಬಟ್ಟೆ ಅಂಗಡಿಗೆ ಹೋಗ್ರಿ’ ಎಂದು ಮುಖ ತಿರುಗಿಸಿಬಿಡುವರು. ಒಮ್ಮೆ ನನ್ನೆದುರಿಗೇ ಒಬ್ಬ ಲಾರಿ ಮಾಲೀಕರು ತಾವೇ ಬಂದು ಆ ಸೀಟಿನ ಮೇಲೆ ಠೀವಿಯಿಂದ ಕೂತರು. ಚಾಚಾ ಇಟ್ಟಿಗೆ ಮುಟ್ಟಲೇ ಇಲ್ಲ. ‘ಮಾಲೀಕರ ಸೊಂಟ ತಗೊಂಡು ನಾ ಏನು ಮಾಡ್ಲಿ ಸಾವ್ಕಾರ್ರೆ, ಡ್ರೈವರ್‌ನ ಕಳಸ್ರಿ’ ಅಂದರು. ಸಾಹುಕಾರರು ದುರುಗುಟ್ಟಿ ನೋಡಿ ಹೊರಟುಹೋದರು. ಮರುದಿನ ಡ್ರೈವರನ್ನು ಕಳಿಸಿದರು ಅನ್ನಿ.

ನಮ್ಮದು ಮಂಡಕ್ಕಿ ವ್ಯಾಪಾರ. ದಾವಣಗೆರೆಯ ಭಟ್ಟಿಯಿಂದ ಚೀಲ ಎತ್ತಿ ಹರಿಹರದ ಅಂಗಡಿಗಳಿಗೆ, ಆಮೇಲೆ ಕೊಕ್ಕನೂರು, ಕಡರನಾಯಕನಹಳ್ಳಿಯ ಕಡೆಗೆ ಹಾಕಿಬರುವ ಲೈನ್ ಇತ್ತು. ಮದುವೆಯಾದ ಹೊಸತರಿಂದ ಯಜಮಾನರು ಲಗೇಜ್ ಆಟೊದಲ್ಲಿ ಈ ಲೈನ್ ಮಾಡುತ್ತಿದ್ದರು. ಅವರ ಬೆನ್ನಿಗೆ ಆಪರೇಷನ್ ಆಗಿ, ಡಾಕ್ಟರು ‘ಇನ್ನು ಗಾಡಿ ಮುಟ್ಟಬೇಡಿ’ ಅಂದುಬಿಟ್ಟರು. ಡ್ರೈವರುಗಳನ್ನು ಇಟ್ಟೆವು. ಒಬ್ಬನಿಗೆ ಸೋಮವಾರ ಬಂದರೆ ಜ್ವರ. ಇನ್ನೊಬ್ಬ ಟಾರ್ಪಾಲು ಕಟ್ಟದೆ ಹೋಗಿ ಗಾಡಿ ತುಂಬ ಮಂಡಕ್ಕಿಯನ್ನು ನೆನೆಸಿ ತಂದ. ಮಂಡಕ್ಕಿ ನೆನೆದರೆ ದನಕ್ಕೆ ಹಾಕಬೇಕಷ್ಟೆ. ಅಂಗಡಿಯವರು ಒಬ್ಬೊಬ್ಬರಾಗಿ ಬೇರೆಯವರ ಹತ್ತಿರ ತೆಗೆದುಕೊಳ್ಳಲು ಶುರು ಮಾಡಿದರು. ಲೈನ್ ಮಾರಿಬಿಡಿ ಎಂದು ಹೇಳುವವರೂ ಹುಟ್ಟಿಕೊಂಡರು.

ನಾನು ಯಾರಿಗೂ ಹೇಳದೆ ಡ್ರೈವಿಂಗ್ ಶಾಲೆಗೆ ಸೇರಿದೆ. ಗೊತ್ತಿದ್ದದ್ದು ಯಜಮಾನರಿಗೆ ಮಾತ್ರ. ಲೈಸೆನ್ಸೂ ಬಂತು. ಆದರೆ ಅದನ್ನು ಅಣ್ಣನಿಗೆ ಹೇಳುವ ಧೈರ್ಯ ಬರಲಿಲ್ಲ. ಅಣ್ಣ ಕೆಟ್ಟವನಲ್ಲ, ತಂಗಿಯ ಮೇಲೆ ಜೀವ ಇಟ್ಟುಕೊಂಡವನು. ಅದೇ ತೊಂದರೆ. ನಾಲ್ಕು ಜನರ ನಡುವೆ ತಂಗಿ ಚೀಲದ ಗಾಡಿ ಓಡಿಸುತ್ತಾಳೆ ಅಂದರೆ ಅವನಿಗೆ ತಾನು ಸತ್ತಂತೆ. ‘ಆಟೊ ಕೊಟ್ಟು ದೊಡ್ಡ ಗಾಡಿ ತಗೊಳ್ಳಾಣ, ಒಳ್ಳೆ ಡ್ರೈವರ್ ಸಿಗೋತನ ನಾನೇ ಓಡಿಸ್ತೀನಿ’ ಎಂದು ಅವನೇ ಮುಂದೆ ಬಂದ. ನಾನು ಆಗಲಿ ಅಂದೆ. ಮೊದಲು ಗಾಡಿ ಬರಲಿ, ಆಮೇಲೆ ಹೇಗಾದರೂ ಹೇಳಿದರಾಯಿತು ಎಂದು ಲೆಕ್ಕ ಹಾಕಿದ್ದೆ. ಎಂಥ ಪೆದ್ದು ಲೆಕ್ಕ.

ಆ ಮೊದಲ ಗಾಡಿಯ ಕಾಲಕ್ಕೂ ಷೋರೂಮಿನಲ್ಲಿ ಒಂದೇ ಗಾಡಿಗೆ ಮೂರು ಮಾಡೆಲ್ ತೋರಿಸಿದರು. ಬೇಸ್ ಮಾಡೆಲ್‌ನಲ್ಲಿ ಏನೂ ಇಲ್ಲ, ಪವರ್ ಸ್ಟೀರಿಂಗೂ ಇಲ್ಲ, ಸೀಟನ್ನು ನೆಲಕ್ಕೆ ಬೋಲ್ಟ್ ಹೊಡೆದಿರುತ್ತಾರೆ. ನಡುವಿನದರಲ್ಲಿ ಪವರ್ ಸ್ಟೀರಿಂಗ್ ಇದೆ, ಡ್ರೈವರ್ ಸೀಟು ಹಿಂದೆ ಮುಂದೆ ಸರಿಯುತ್ತದೆ, ಅಷ್ಟೇ. ಟಾಪ್ ಮಾಡೆಲ್‌ನಲ್ಲಿ ಅದೆಲ್ಲದರ ಜೊತೆಗೆ ಎ.ಸಿ., ಹಾಡಿನ ಡಬ್ಬಿ, ಮುಂದೆ ಹೊಳೆಯುವ ಗ್ರಿಲ್ಲು, ಚಕ್ರಕ್ಕೆ ಬಿಲ್ಲೆ. ಅಣ್ಣ ಟಾಪ್ ಮಾಡೆಲ್ಲಿನ ಗ್ರಿಲ್ಲಿನಲ್ಲಿ ಮೀಸೆ ನೋಡಿಕೊಂಡ. ಅಲ್ಲಿಗೆ ಅವನ ಆಯ್ಕೆ ಮುಗಿಯಿತು. ಷೋರೂಮಿನವರಿಗೆ ಬೇಸ್ ಮಾಡೆಲ್ ಮೇಲೆ ಕಣ್ಣು, ಅದು ಅವರ ಹತ್ತಿರ ಸ್ಟಾಕ್ ಇತ್ತು. ‘ಮಂಡಕ್ಕಿ ಏನು ಭಾರ ಸಾರ್, ಲೋಡೇ ಇರಲ್ಲ, ಬೇಸ್ ಸಾಕು’ ಎಂದು ಅಣ್ಣನಿಗೇ ಹೇಳಿದರು. ವಿವರದ ಹಾಳೆಯನ್ನೂ ಅಣ್ಣನ ಕೈಗೇ ಕೊಟ್ಟರು. ನಾನು ಪಕ್ಕದಲ್ಲಿ ನೀರಿನ ಬಾಟ್ಲಿ ಹಿಡಿದುಕೊಂಡು ನಿಂತಿದ್ದೆ.

ಅಣ್ಣನ ಸ್ನೇಹಿತರೊಬ್ಬರು ‘ಬುಕ್ ಮಾಡೋಕಿಂತ ಮೊದಲು ಹರಿಹರದ ಸೀಟಿನ ಚಾಚಾನ ಒಂದು ಮಾತು ಕೇಳ್ರಿ’ ಎಂದಿದ್ದರು. ಹೋದೆವು. ಅಣ್ಣ ಮೂರು ಮಾಡೆಲ್‌ಗಳ ಪುರಾಣ ಹೇಳಿದ. ಚಾಚಾ ಹಾಳೆಯ ಕಡೆ ನೋಡಲೂ ಇಲ್ಲ.

‘ಓಡ್ಸೋರು ಯಾರು?’ ಅಂದರು.

‘ನಾನೇ.’

‘ಬರ್ರಿ, ಕೂಡ್ರಿ.’

ಅಣ್ಣ ಇಟ್ಟಿಗೆಯ ಮೇಲಿನ ಸೀಟಿನಲ್ಲಿ ಕೂತ. ಅವನು ಆರಡಿಯ ಆಳು. ಚಾಚಾ ಎರಡು ಇಟ್ಟಿಗೆ ತೆಗೆದರು, ಗೆರೆ ಎಳೆದರು. ಆಮೇಲೆ, ‘ಈಗ ಗಾಡಿ ಓಡಸ್ರಿ. ರೈಲ್ವೆ ಗೇಟಿನ ಉಬ್ಬು ಬಂತು, ಸೆಕೆಂಡಿಗೆ ಹಾಕ್ರಿ’ ಅಂದರು. ಅಣ್ಣ ನಗುತ್ತ ಗಾಳಿಯಲ್ಲಿ ಸ್ಟೀರಿಂಗ್ ಹಿಡಿದು, ಎಡಗೈಯಲ್ಲಿ ಗೇರು ಬದಲಿಸಿದ. ಎಡಗಾಲು ಮಾತ್ರ ಕಲ್ಲಿನಂತೆ ಇದ್ದಲ್ಲೇ ಇತ್ತು. ಕ್ಲಚ್ಚಿನ ನೆನಪೇ ಅವನಿಗಾಗಲಿಲ್ಲ. ‘ಮತ್ತೆ ಮೂರಕ್ಕೆ ಹಾಕ್ರಿ.’ ಹಾಕಿದ. ‘ಎದುರಿಗೆ ಎಮ್ಮಿ ಬಂತು, ಮತ್ತೆ ಎರಡಕ್ಕೆ.’ ಅದಕ್ಕೂ ಹಾಕಿದ.

ನಾನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಚಾಚಾನ ಕಣ್ಣು ಅಣ್ಣನ ಕಾಲಿನಿಂದ ಸರಿದು ನನ್ನ ಕಾಲಿಗೆ ಬಂದು ನಿಂತಿತು. ಆಗ ನಾನೂ ಕೆಳಗೆ ನೋಡಿದೆ. ನನ್ನ ಎಡಗಾಲು ಚಪ್ಪಲಿ ಸಮೇತ ನೆಲವನ್ನು ಒತ್ತಿ ಹಿಡಿದಿತ್ತು. ಪ್ರತಿ ಗೇರಿಗೂ ಒತ್ತಿದ್ದಿರಬೇಕು... ಎಮ್ಮೆ ಬಂದಾಗ ಬಲಗಾಲು ಬ್ರೇಕನ್ನೂ ತುಳಿದು ಮುಗಿಸಿತ್ತು. ಈಗ ಇವರು ಹೇಳಿಬಿಡುತ್ತಾರೆ, ಇಲ್ಲೇ ಅಣ್ಣ ರಂಪ ಮಾಡುತ್ತಾನೆ, ಗಾಡಿಯೂ ಹೋಯಿತು, ಲೈನೂ ಹೋಯಿತು ಅಂದುಕೊಂಡೆ.

ಚಾಚಾ ನನ್ನ ಕಾಲಿನಿಂದ ಕಣ್ಣು ತೆಗೆದರು. ಸೀಮೆಸುಣ್ಣವನ್ನು ಕಿವಿಗೆ ಏರಿಸಿ, ಅಣ್ಣನ ಕಡೆಗೇ ತಿರುಗಿ, ‘ನಡುವಿಂದು ತಗೊಳ್ರಿ’ ಎಂದರು.

‘ಟಾಪ್ ಯಾಕ ಬ್ಯಾಡ ಚಾಚಾ? ನೋಡಾಕ ಚೆನ್ನಾಗೈತೆ.’

‘ಗಾಡಿ ನೋಡೋರು ರಸ್ತೆನಾಗೆ ಇರ್ತಾರೆ. ನಾ ಹೇಳ್ತಿರೋದು ಒಳಗೆ ಕೂಡೋರ ಸುದ್ದಿ.’

‘ಹಂಗಾರೆ ಬೇಸ್ ತಗೊಂಡ್ರೆ ಏನಾಗ್ತೈತೆ? ಲೋಡ್ ಹಗುರ ಅಂತಾರೆ.’

‘ಚೀಲ ಹಗುರ, ಸ್ಟೀರಿಂಗ್ ಹಗುರ ಅಲ್ಲ. ಸಣ್ಣ ಅಂಗಡಿ ಮುಂದೆ, ಹಳ್ಳಿ ಓಣ್ಯಾಗೆ ದಿನಕ್ಕೆ ಐವತ್ತು ಸಲ ತಿರುಗಿಸ್ಬೇಕು. ಇವತ್ತು ನೀವು ಓಡಸ್ತೀರಿ, ನಾಳೆ ಇನ್ನೊಬ್ರು ಓಡಸ್ತಾರೆ. ಸರಿಯೋ ಸೀಟಿದ್ರೆ ಯಾರು ಬಂದ್ರೂ ಆಗ್ತೈತೆ. ಬೋಲ್ಟ್ ಹೊಡ್ದಿದ್ದು ಒಬ್ರಿಗೇ.’

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನನ್ನ ಗುಟ್ಟನ್ನು ಬಿಟ್ಟುಕೊಡದೆ, ಅಣ್ಣನಿಗೆ ಸುಳ್ಳನ್ನೂ ಹೇಳದೆ, ನನಗೆ ಬೇಕಾದ ಗಾಡಿಯನ್ನು ಅವರು ಕೊಡಿಸಿದ ಬಗೆ ನೆನೆದರೆ ಇವತ್ತಿಗೂ ಕೈ ಮುಗಿಯಬೇಕು ಅನಿಸುತ್ತದೆ. ಅಣ್ಣ ಫೋನ್ ಬಂತೆಂದು ಹೊರಗೆ ಹೋದ. ಚಾಚಾ ಅಳತೆ ಟೇಪನ್ನು ನನ್ನ ಕೈಗೆ ಕೊಟ್ಟು, ತಾವು ರಸ್ತೆಯ ಕಡೆ ಮುಖ ಮಾಡಿ ಕೂತರು.

‘ಸೊಂಟದಿಂದ ಮೊಣಕಾಲು, ಮೊಣಕಾಲಿಂದ ಹಿಮ್ಮಡಿ. ಆಮೇಲೆ ಕುಂತಾಗ ಭುಜದ ಎತ್ರ. ನೀನೇ ಅಳ್ದು ಹೇಳವ್ವಾ.’

ಅಳೆದು ಹೇಳಿದೆ. ಅವರು ತಿರುಗದೆಯೇ ಒಂದು ರಟ್ಟಿನ ಮೇಲೆ ಬರೆದುಕೊಂಡರು.

‘ನಿಮ್ಮಣ್ಣಗೆ ನಾ ಹೇಳಲ್ಲ’ ಎಂದರು. ‘ಸೀಟು ನಾ ಮಾಡ್ಕೊಡ್ತೀನಿ. ಬಾಯಿ ನೀನೇ ಬಿಡ್ಬೇಕು.’

ನಡುವಿನ ಮಾಡೆಲ್ಲೇ ಬಂತು. ಬಿಳಿ ಬಣ್ಣದ್ದು, ಮುಂದೆ ಕಪ್ಪು ಪ್ಲಾಸ್ಟಿಕ್ಕಿನ ಗ್ರಿಲ್ಲು. ಅಣ್ಣನಿಗೆ ಅದೊಂದು ಕೊರಗು. ಷೋರೂಮಿನವರು ಗಾಡಿಯನ್ನು ಹರಿಹರಕ್ಕೆ ತಂದುಬಿಟ್ಟರು, ಚಾಚಾ ನಾಲ್ಕು ದಿನ ಇಟ್ಟುಕೊಂಡರು. ಐದನೆಯ ದಿನ ನಾವು ತರಲು ಹೋದೆವು. ಅಣ್ಣ ಹೊಸ ಅಂಗಿ ಹಾಕಿಕೊಂಡಿದ್ದ. ಬಾಗಿಲು ತೆಗೆದು ಹತ್ತಿದವನು ಅರ್ಧಕ್ಕೇ ಸಿಕ್ಕಿಹಾಕಿಕೊಂಡ. ಮೊಣಕಾಲು ಸ್ಟೀರಿಂಗಿಗೆ ಬಡಿಯಿತು. ಹೇಗೋ ತೂರಿಕೊಂಡು ಸೀಟನ್ನು ಹಿಂದಕ್ಕೆ ಸರಿಸಿದರೆ ತಲೆ ಛಾವಣಿಗೆ ತಾಗಿತು. ಬೆನ್ನಿಗೆ ಅಷ್ಟು ದಪ್ಪ ದಿಂಬು, ಕೆಳಗೆ ಅಷ್ಟು ಎತ್ತರದ ಗಾದಿ.

‘ಏನ್ ಚಾಚಾ ಇದು, ನನ್ನ ಅಳತಿ ತಗೊಂಡಿದ್ರಲ್ಲಾ? ಇದ್ಯಾರ ಸೀಟು?’

ಚಾಚಾ ದಾರವನ್ನು ಹಲ್ಲಿನಲ್ಲಿ ಕಡಿದು, ನನ್ನ ಮುಖ ನೋಡಿದರು. ಪಕ್ಕದ ಟೀ ಅಂಗಡಿಯವರೂ ನೋಡುತ್ತಿದ್ದರು.

‘ನಂದು ಅಣ್ಣ’ ಅಂದೆ. ‘ನಾನೇ ಓಡಿಸ್ತೀನಿ. ಲೈಸೆನ್ಸ್ ಐತೆ.’

ಬ್ಯಾಗಿನಿಂದ ತೆಗೆದು ತೋರಿಸಿದೆ. ಅಣ್ಣ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ಫೋಟೊ ನೋಡಿದ, ನನ್ನನ್ನು ನೋಡಿದ. ಮುಖ ಕೆಂಪಗಾಗಿತ್ತು. ಏನೋ ಹೇಳಲು ಬಾಯಿ ತೆರೆದವನು ಚಾಚಾನ ಕಡೆ ತಿರುಗಿದ. ಅವರು ಆಗಲೇ ಗಾಡಿಯ ಬಾಗಿಲನ್ನು ಹಿಡಿದುಕೊಂಡು ನಿಂತಿದ್ದರು.

‘ಇಳೀರಿ ಸಾಹೇಬ್ರೆ, ಡ್ರೈವರ್ ಹತ್ತಬೇಕು.’

ಅಣ್ಣ ಇಳಿದ. ನಾನು ಹತ್ತಿ ಕೂತೆ. ಡ್ರೈವಿಂಗ್ ಶಾಲೆಯ ಗಾಡಿಯಲ್ಲಿ ಬೆನ್ನ ಹಿಂದೆ ದಿಂಬು ಇಟ್ಟುಕೊಂಡು, ತುದಿಗಾಲಲ್ಲಿ ಕ್ಲಚ್ ತುಳಿದು ಕಲಿತವಳು ನಾನು. ಅವತ್ತು ಪಾದ ಪೂರ್ತಿ ಊರಿತು. ರಸ್ತೆ ಬಾನೆಟ್ಟಿನ ಆಚೆಯವರೆಗೂ ಕಂಡಿತು. ಯಾರೋ ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡು ಒಂದು ವಸ್ತು ಮಾಡಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು, ಅಳು ಬಂತು. ಅಣ್ಣ ಪಕ್ಕದಲ್ಲಿ ಕೂತು, ಊರಿಗೆ ಹೋಗುವ ಪಿ.ಬಿ. ರಸ್ತೆಯುದ್ದಕ್ಕೂ ನನ್ನ ಕಾಲನ್ನೇ ನೋಡುತ್ತಿದ್ದ. ದಾವಣಗೆರೆ ಹತ್ತಿರ ಬಂದಾಗ, ‘ಇಂಡಿಕೇಟರ್ ಹಾಕು’ ಎಂದ. ಹಾಕಿಯೇ ಇದ್ದೆ.

ಲೈನ್ ಉಳಿಯಿತು. ಬಿಟ್ಟುಹೋದ ಅಂಗಡಿಗಳಲ್ಲಿ ಹೆಚ್ಚಿನವು ಮರಳಿ ಬಂದವು. ಮಗಳ ಓದು, ಯಜಮಾನರ ಔಷಧಿ ಎಲ್ಲ ಆ ಸೀಟಿನ ಮೇಲೆಯೇ ನಡೆಯಿತು. ಹರಿಹರಕ್ಕೆ ಹೋದಾಗೆಲ್ಲ ಚಾಚಾಗೆ ಬಿಸಿ ಮಂಡಕ್ಕಿ ಕೊಟ್ಟುಬರುತ್ತಿದ್ದೆ. ಅವರು ಮಂಡಕ್ಕಿ ಆಮೇಲೆ ನೋಡುವರು, ಮೊದಲು ಗಾಡಿ ಹತ್ತಿ ಗಾದಿ ಒತ್ತಿ, ‘ಬಲಗಡೆ ಕುಸಿದೈತೆ, ವಾಲ್ಕೊಂಡು ಕೂಡ್ತೀಯ’ ಎಂದು ಬೈಯುವರು. ಯಾವ ಗಾಡಿಯಲ್ಲೂ ಅವರು ಪ್ರಯಾಣ ಮಾಡಿದ್ದನ್ನು ನಾನು ಕಂಡಿರಲಿಲ್ಲ, ಎಲ್ಲಿಗೂ ಸೈಕಲ್ಲೇ. ಬೇರೆಯವರು ಓಡಿಸುವಾಗ ತಮ್ಮ ಜೀವ ಕೈಯಲ್ಲಿರುತ್ತದೆ ಎಂದು ಅವರೇ ಹೇಳಿಕೊಂಡಿದ್ದುಂಟು.

ಸೂಜಿಗೆ ದಾರ ಪೋಣಿಸುವುದು ಕಷ್ಟವಾದ ಮೇಲೆ ಅವರ ಕಣ್ಣಿನ ಆಪರೇಷನ್ ದಾವಣಗೆರೆಯಲ್ಲಿ ಎಂದಾಯಿತು. ಖಾಲಿ ಚೀಲ ಹಾಕಿಕೊಂಡು ವಾಪಸ್ ಹೋಗುವಾಗ ನಾನೇ ಕರೆದುಕೊಂಡು ಹೋದೆ. ಹತ್ತುವಾಗ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಾನು ಮುಸಿಮುಸಿ ನಕ್ಕೆ. ಊರು ದಾಟಿ ಸ್ವಲ್ಪ ದೂರ ಬಂದಿರಬೇಕು, ಮಾತಿಗೆ ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಚಾಚಾ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಒಂದು ಹಳ್ಳ ತಪ್ಪಿಸಿದೆ, ಇನ್ನೊಂದು ತಪ್ಪಿಸಿದೆ, ಅವರು ಏಳಲಿಲ್ಲ. ಲೈಸೆನ್ಸ್ ಕೈಗೆ ಬಂದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಅವರು ತೀರಿಕೊಂಡ ಸುದ್ದಿ ನನಗೆ ತಡವಾಗಿ ತಿಳಿಯಿತು. ನಾವು ಯಜಮಾನರ ಚಿಕಿತ್ಸೆಗೆಂದು ಊರಲ್ಲಿರಲಿಲ್ಲ, ಬಂದಾಗ ಎಲ್ಲ ಮುಗಿದು ತಿಂಗಳಾಗಿತ್ತು. ಮಣ್ಣಿಗೂ ಹೋಗಲಾಗಲಿಲ್ಲ... ಆ ನೋವು ಹಾಗೇ ಉಳಿದಿದೆ.

ಈ ಸಲವೂ ಷೋರೂಮಿನಲ್ಲಿ ಮೂರು ಮಾಡೆಲ್ ತೋರಿಸಿದರು. ಹೆಸರು ಬದಲಾಗಿವೆ, ಟಾಪ್ ಮಾಡೆಲ್ಲಿನಲ್ಲಿ ಟಿ.ವಿ.ಯಷ್ಟು ದೊಡ್ಡ ಪರದೆ ಬಂದಿದೆ. ನಾನು ಮೂರರಲ್ಲೂ ಕೂತೆ, ಒಂದೊಂದರಲ್ಲೂ ಒಂದು ಟೀ ಕುಡಿಯುವಷ್ಟು ಹೊತ್ತು. ನಡುವಿನದನ್ನೇ ಬುಕ್ ಮಾಡಿದೆ. ಗಾಡಿ ಕೈಗೆ ಬಂದ ದಿನ ದುಗ್ಗಮ್ಮನ ಗುಡಿಯಲ್ಲಿ ಪೂಜೆ ಮಾಡಿಸಿ, ಚಕ್ರದ ಕೆಳಗಿನ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿ, ಮನೆಗೆ ತಿರುಗಿಸಬೇಕಾದವಳು ಹರಿಹರದ ಕಡೆ ತಿರುಗಿಸಿಬಿಟ್ಟೆ. ಬರುವುದು ತಡ ಎಂದು ಯಜಮಾನರಿಗೆ ಫೋನಿನಲ್ಲಿ ಹೇಳಿದೆ, ಅವರೂ ಯಾಕೆಂದು ಕೇಳಲಿಲ್ಲ.

ಚಾಚಾನ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ನೆಲಕ್ಕೆ ಟೈಲ್ಸ್ ಹಾಕಿಸಿದ್ದಾರೆ. ಗಾಡಿಯನ್ನು ಮುಂದೆ ನಿಲ್ಲಿಸಿ, ಇಳಿದು, ರಸ್ತೆಯ ಬದಿಯಲ್ಲಿ ಸುಮ್ಮನೆ ನಿಂತುಕೊಂಡೆ. ಅಂಗಡಿಯವರು ಹೊರಗೆ ಬಂದರು. ಮರ್ಯಾದೆಯ ಮನುಷ್ಯ, ಹೊಸಬರು.

‘ಅಕ್ಕಾರೆ, ಗಿರಾಕಿಗೆ ಅಡ್ಡ ಆಗ್ತೈತೆ. ಡ್ರೈವರ್‌ಗೆ ಸ್ವಲ್ಪ ಮುಂದಕ್ಕೆ ಹಾಕಾಕ ಹೇಳ್ರಿ’ ಎಂದರು.

ಚಾಚಾ ‘ಡ್ರೈವರ್ ಹತ್ತಬೇಕು’ ಎಂದಿದ್ದ ಅದೇ ಜಾಗ. ಈ ಮಾತು ಕೇಳಿ ನನ್ನ ಕಡೆ ನೋಡಿ ಬಿದ್ದು ಬಿದ್ದು ನಗಬೇಕಾಗಿದ್ದವರು ಲೋಕದಲ್ಲಿ ಒಬ್ಬರೇ ಇದ್ದರು, ಅವರು ಇಲ್ಲ. ‘ಹೇಳ್ತೀನಿ’ ಅಂದೆ. ಕಣ್ಣೊರೆಸಿಕೊಂಡು ಹತ್ತಿ ಕೂತು, ಗಾಡಿಯನ್ನು ಮುಂದಕ್ಕೆ ತೆಗೆದುಕೊಂಡೆ.