ಭಾವನನ್ನು ಕೂರಿಸಲಾಗಲಿಲ್ಲ

ಹೋದ ವರ್ಷ ಯುಗಾದಿ ಮುಗಿದ ವಾರ ನನ್ನ ಭಾವ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರದು ಸೊರಬ ತಾಲ್ಲೂಕಿನ ಕುಬಟೂರು. ಆಸ್ಪತ್ರೆಯಲ್ಲಿ ಅಕ್ಕನ ಜೊತೆ ಇದ್ದವನು ನಾನೊಬ್ಬನೇ. ಶಿಕಾರಿಪುರದ ಕಾಲೇಜಿನಲ್ಲಿ ಪಾಠ ಹೇಳುವವನು, ನಾಲ್ಕು ಜನರ ಹತ್ತಿರ ಮಾತಾಡಬಲ್ಲವನು ಎಂದು ಓಡಾಟವನ್ನೆಲ್ಲ ನನಗೇ ಬಿಟ್ಟಿದ್ದರು. ನನಗೂ ಒಳಗೊಳಗೇ ಅದೊಂದು ಜಂಬ.

ಅವತ್ತು ಬೆಳಿಗ್ಗೆ ಏಳಕ್ಕೆ, ಶವ ಸಾಗಿಸುವ ವ್ಯವಸ್ಥೆ ಮಾಡುವವನೊಬ್ಬ ಫಾರಂ ಹಿಡಿದು ಬಂದ. “ಎಂಬಾಮಿಂಗ್ ಮಾಡದೆ ಬಾಡಿ ಕಳಿಸ್ಲಿಕ್ಕೆ ಆಗುದಿಲ್ಲ ಸರ್, ರೂಲ್ಸ್ ಉಂಟು. ನರಕ್ಕೆ ಮದ್ದು ಕೊಟ್ರೆ ಕೆಡುದಿಲ್ಲ” ಎಂದ. ಯಾವ ರೂಲ್ಸು, ಎಷ್ಟು ದುಡ್ಡು, ರಸೀದಿ ಕೊಡುತ್ತೀರಾ, ಮದ್ದು ಒಳಗೆ ಹೋದ ಮೇಲೆ ಮೈ ಏನಾಗುತ್ತದೆ, ಒಂದನ್ನೂ ನಾನು ಕೇಳಲಿಲ್ಲ. ಸಾವಿನ ಮನೆಯವರು ಚೌಕಾಸಿ ಮಾಡುವುದೇ ಎಂಬ ಸಂಕೋಚ. ಅದಕ್ಕಿಂತ ಹೆಚ್ಚಾಗಿ, ನನಗೆ ಗೊತ್ತಿಲ್ಲ ಎಂದು ತೋರಿಸಿಕೊಳ್ಳಲು ನಾಚಿಕೆ. ಅಕ್ಕ ಹತ್ತು ಹೆಜ್ಜೆ ಆಚೆ ಬೆಂಚಿನ ಮೇಲೆ ಕೂತಿದ್ದಳು. ಅವಳನ್ನೂ ಕೇಳದೆ ಸಹಿ ಜಡಿದೆ. ವರ್ಷ ವರ್ಷವೂ ಕಾಮರ್ಸ್ ಮಕ್ಕಳಿಗೆ ಗ್ರಾಹಕರ ಹಕ್ಕುಗಳನ್ನು ಬಾಯಿಪಾಠ ಮಾಡಿಸುವ ಮೇಷ್ಟ್ರು ನಾನು!

ಸಂಜೆ ನಾಲ್ಕಕ್ಕೆ ಊರು ಮುಟ್ಟಿದೆವು. ನಮ್ಮಲ್ಲಿ ತೀರಿಕೊಂಡವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಚಕ್ಕಳಮಕ್ಕಳ ಹಾಕಿ ಕೂರಿಸಿ, ಕೈಯಲ್ಲಿ ಲಿಂಗವಿಟ್ಟು, ವಿಭೂತಿ ಹಚ್ಚಿ ಮಣ್ಣು ಮಾಡುತ್ತೇವೆ. ಕುಣಿಯನ್ನೂ ಹಾಗೆಯೇ ತೋಡಿಟ್ಟಿದ್ದರು. ಅಂಗಳದಲ್ಲಿ ಕೂರಿಸಲು ಹೋದರೆ ಭಾವನ ಮೊಣಕಾಲು ಮಡಚಲಿಲ್ಲ. ಆ ಮದ್ದಿಗೆ ಮೈಯೆಲ್ಲ ಹಲಗೆಯ ಹಾಗೆ ಸೆಟೆದಿತ್ತು. ಇಬ್ಬರು ಬಲ ಹಾಕಿ ಒತ್ತಿದರು. “ಬ್ಯಾಡ್ರೀ, ಅವ್ರಿಗೆ ನೋವಾಗತ್ತೆ” ಎಂದು ಅಕ್ಕ ಅಡ್ಡ ಬಂದಳು.

ಸಂಸ್ಕಾರ ಮಾಡಿಸಲು ಬಂದಿದ್ದ ಅಯ್ನೋರು, “ಈ ಮದ್ದು ಕೊಡ್ಸಕ್ಕೆ ಒಪ್ಪಿದ್ದು ಯಾರ್ರೀ?” ಎಂದು ಕೇಳಿದರು.

ಊರವರೆಲ್ಲ ನಿಂತಿದ್ದರು. ನಾನು ನೆಲ ನೋಡಿದೆ.

“ನಾನೇ ಹೇಳಿದ್ದು ಅಯ್ನೋರೇ. ತಮ್ಮಂದೇನೂ ತಪ್ಪಿಲ್ಲ” ಎಂದಳು ಅಕ್ಕ.

ಕುಣಿಯನ್ನು ಉದ್ದಕ್ಕೆ ಅಗೆಸಿ, ಮಲಗಿಸಿಯೇ ಮಣ್ಣು ಮಾಡಿದರು. “ಗಂಡನ್ನ ಕೂರಿಸಿ ಕಳಿಸೋ ಭಾಗ್ಯನೂ ಉಳಿಸ್ಕೊಳ್ಳಲಿಲ್ಲ ನೋಡೇ” ಎಂದು ನೆಂಟರ ಹೆಂಗಸರು ಅಕ್ಕನನ್ನು ಆಡಿಕೊಂಡರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಆಮೇಲೆ ಪರಿಚಯದ ಡಾಕ್ಟರೊಬ್ಬರನ್ನು ವಿಚಾರಿಸಿದೆ. “ಅಷ್ಟು ದೂರಕ್ಕೆ ಐಸ್ ಪೆಟ್ಟಿಗೆ ಸಾಕಿತ್ತಲ್ರೀ. ವಿಮಾನದಲ್ಲಿ ಕಳಿಸೋದಾದ್ರೆ ಎಂಬಾಮಿಂಗ್ ಬೇಕು. ಮನೆಯವ್ರು ಬೇಡ ಅನ್ನಬಹುದಿತ್ತು” ಎಂದರು. ಬೇಡ ಅನ್ನುವ ಹಕ್ಕಿದ್ದದ್ದು ಅಕ್ಕನಿಗೆ. ಅವಳನ್ನು ಯಾರೂ ಕೇಳಲೇ ಇಲ್ಲ.

ತಿಂಗಳಾದ ಮೇಲೆ ಒಮ್ಮೆ ಅವಳ ಎದುರು ಕೂತು, “ಯಾಕಕ್ಕಾ ಅವತ್ತು ಹಂಗಂದೆ?” ಎಂದು ಕೇಳಿದೆ.

“ಹೋಗ್ಲಿ ಬಿಡೋ. ನಾಳೆ ನೀನು ಈ ಊರಿಗೆ ಬರಬೇಕಲ್ಲ” ಎಂದಳು.

ಈಗಲೂ ಹಬ್ಬಕ್ಕೆ ಕುಬಟೂರಿಗೆ ಹೋಗುತ್ತೇನೆ. “ಬರ್ರೀ ಮೇಷ್ಟ್ರೇ” ಎಂದು ಎಲ್ಲರೂ ಮರ್ಯಾದೆಯಿಂದಲೇ ಕರೆಯುತ್ತಾರೆ. ಆಡಿಕೊಳ್ಳುವುದು ಅಕ್ಕನನ್ನು ಮಾತ್ರ. ಅವರ ಮುಖ ನೋಡಿ ನಿಜ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ, ಅವರಲ್ಲಿ ಒಬ್ಬರಾದರೂ ಓದಲಿ ಎಂದು.