ರಿಲೇಯೊಳಗೆ ದಾಖಲಾದ ನನ್ನ ಹೆಸರು

ದೆವ್ವ, ಮಾಯೆ, ಒಬ್ಬನೇ ಮನುಷ್ಯ ಒಂದೇ ಹೊತ್ತಿಗೆ ಎರಡು ಕಡೆ ಕಾಣಿಸಿಕೊಳ್ಳುವುದು, ಇಂಥ ಮಾತು ಕೇಳಿದಾಗೆಲ್ಲ ನಕ್ಕು ಸುಮ್ಮನಾದವನು ನಾನು. ಉಪಕೇಂದ್ರಗಳಲ್ಲಿ ರಿಲೇ ಪರೀಕ್ಷೆ ಮಾಡುತ್ತ ಇಪ್ಪತ್ತು ವರ್ಷ ಕಳೆದವನಿಗೆ ಮೀಟರಿನಲ್ಲಿ ಕಂಡದ್ದೇ ಸತ್ಯ. ಆದರೆ ಒಂದು ದಿನದ ಸಂಗತಿ ಮಾತ್ರ ನನಗೆ ಇವತ್ತಿಗೂ ಬಗೆಹರಿದಿಲ್ಲ. ಅದನ್ನು ಹೇಳಬೇಕೆಂದರೆ ನನ್ನ ಹೊಟ್ಟೆಕಿಚ್ಚನ್ನೂ ಹೇಳಬೇಕು. ಹೇಳಿಬಿಡುತ್ತೇನೆ.

ರಿಲೇ ಎಂದರೆ ಕರೆಂಟಿನ ಲೈನಿಗೆ ಕಾವಲುಗಾರ. ಲೈನಿನಲ್ಲಿ ಹರಿಯುವುದನ್ನು ಸದಾ ಅಳೆಯುತ್ತಿರುತ್ತದೆ; ನಾವು ಕೊಟ್ಟ ಮಿತಿ ದಾಟಿದರೆ ಬ್ರೇಕರಿಗೆ ಹೇಳಿ ಲೈನು ಬಂದ್ ಮಾಡಿಸುತ್ತದೆ. ಹಳೆಯದರಲ್ಲಿ ಅಲ್ಯುಮಿನಿಯಂ ತಟ್ಟೆಯೊಂದು ತಿರುಗುತ್ತಿತ್ತು. ಅದರ ಸ್ಪ್ರಿಂಗು ಹದ ಮಾಡುವುದರಲ್ಲಿ ತೊರವಿಯಿಂದ ಬಬಲೇಶ್ವರದವರೆಗೆ ನನ್ನನ್ನು ಮೀರಿಸುವವರು ಇರಲಿಲ್ಲ. ಆಮೇಲೆ ಹೊಸವು ಬಂದವು. ಒಳಗೆ ಸಣ್ಣ ಕಂಪ್ಯೂಟರು; ಮಿತಿಗಳನ್ನು ಲ್ಯಾಪ್‌ಟಾಪಿನಿಂದ ತುಂಬಬೇಕು. ಯಾರು ಯಾವಾಗ ಏನು ಬದಲಿಸಿದರು ಎಂಬುದನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ಅವುಗಳ ಬೆನ್ನಿಗೇ ಬಂದವಳು ರೇಣುಕಾ, ನನಗಿಂತ ಹದಿನೈದು ವರ್ಷ ಚಿಕ್ಕ ಎಂಜಿನಿಯರು. ಅವಳು ಕಲಿಸುತ್ತೇನೆಂದರೂ ನಾನು ಹಟಕ್ಕೆ ಕಲಿಯಲಿಲ್ಲ. ದೊಡ್ಡ ಸಾಹೇಬರು ನನಗೇ ಫೋನ್ ಮಾಡಿ, "ಆ ಹುಡುಗಿ ಅದಾಳಲ್ರಿ, ಇನ್ನ ನಮಗ ಚಿಂತಿಲ್ಲ" ಅಂದಾಗ ಮೈಯೆಲ್ಲ ಉರಿಯಿತು. ಅವಳಿಗೆ ಜಂಬವೇನೂ ಇರಲಿಲ್ಲ. ನನ್ನ ಸಿಟ್ಟಿಗೆ ಅದೂ ಒಂದು ಕಾರಣ.

ಒಂದು ಸಂಜೆ ತಿಕೋಟಾ ಕಡೆಯ ಉಪಕೇಂದ್ರವೊಂದರಲ್ಲಿ ಅವಳು ಹೊಸ ರಿಲೇ ಪರೀಕ್ಷಿಸುತ್ತಿದ್ದಳು, ನಾನು ಪಕ್ಕದಲ್ಲಿ ವೈರು ಹಿಡಿದು ನಿಂತಿದ್ದೆ. ತಂತಿ ಹರಿದು ಬಿದ್ದಾಗ ಮಣ್ಣಿಗೆ ಸೋರುವ ಕರೆಂಟು ಕಡಿಮೆ; ಅದನ್ನು ಹಿಡಿಯಲು ರಿಲೇಯಲ್ಲಿ ಅರ್ಥ್ ಫಾಲ್ಟ್ ಎಂಬ ಬೇರೆಯೇ ಭಾಗವಿರುತ್ತದೆ. ಪರೀಕ್ಷೆಗೆ ಅಡ್ಡ ಬರುತ್ತದೆಂದು ಮೊದಲು ಅದನ್ನು ಆಫ್ ಮಾಡುತ್ತೇವೆ, ಕೆಲಸ ಮುಗಿದ ಮೇಲೆ ಆನ್ ಮಾಡುತ್ತೇವೆ. ಅವತ್ತು ಅವಳು ಮರೆತಳು. ಪರದೆಯ ಮೇಲೆ ಆಫ್ ಎಂದಿದ್ದುದನ್ನು ನಾನು ಕಣ್ಣಾರೆ ನೋಡಿದೆ, ಬಾಯಿ ಬಿಡಲಿಲ್ಲ. ಮರುದಿನ ಮಧ್ಯಾಹ್ನ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ಅವರೆದುರಿಗೇ ತೋರಿಸೋಣ, ಅಲ್ಲಿಯವರೆಗೆ ಏನಾಗುತ್ತದೆ ಎಂದುಕೊಂಡೆ. ಲೈನು ಚಾಲೂ ಆಯಿತು.

ಮರುದಿನ ಬೆಳಿಗ್ಗೆ ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ನನ್ನ ಷಡ್ಡಕನ ಜೊತೆ ಕೂತಿದ್ದೆ. ಸಾಹೇಬರೆದುರು ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಹನ್ನೊಂದೂವರೆಗೆ ಉಪಕೇಂದ್ರದ ಆಪರೇಟರ್ ಮಲ್ಲಪ್ಪನ ಫೋನು ಬಂತು.

"ಸಾಹೇಬ್ರ, ಲೈನ್ ಹರ್ದು ದ್ರಾಕ್ಷಿ ಚಪ್ಪರದ ಮ್ಯಾಲ ಬಿದ್ದೈತ್ರಿ. ಎಂಟ್ಹತ್ತು ಹೆಣ್ಮಕ್ಕಳು ಕೆಳಗ ಕೆಲಸ ಮಾಡಾಕತ್ತಿದ್ರು."

ನಮ್ಮ ಕಡೆ ದ್ರಾಕ್ಷಿ ಚಪ್ಪರವೆಂದರೆ ಎಕರೆಗಟ್ಟಲೆ ಕಬ್ಬಿಣದ ತಂತಿ. ಗೊಂಚಲಿಗೆ ಕೈಯೆತ್ತಿದವರ ಕೈ ತಂತಿಗೂ ತಾಗುತ್ತದೆ. ಎಷ್ಟು ಮಂದಿ ಹೋದರು ಎಂದು ಕೇಳಿದೆ.

"ಯಾರಿಗೂ ಏನೂ ಆಗಿಲ್ರಿ," ಅಂದ ಮಲ್ಲಪ್ಪ. "ಅರ್ಥ್ ಫಾಲ್ಟ್ ಅಂತ ತೋರ್ಸಿ ಲೈನ್ ತಾನ ಬಂದ್ ಆತ್ರಿ."

ಆಫ್ ಇದ್ದದ್ದು ಹೇಗೆ ಕೆಲಸ ಮಾಡಿತು? ಗಾಡಿ ಓಡಿಸಿಕೊಂಡು ಹೋದೆ. ರೇಣುಕಾ ಆಗಲೇ ರಿಲೇಯ ದಾಖಲೆ ತೆಗೆದು ಕೂತಿದ್ದಳು. ಹಿಂದಿನ ಸಂಜೆ ಅರ್ಥ್ ಫಾಲ್ಟ್ ಆಫ್, ಅವಳ ಹೆಸರಿನಲ್ಲಿ. ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಆನ್, ನನ್ನ ಹೆಸರಿನಲ್ಲಿ, ನನಗೆಂದು ಕೊಟ್ಟಿದ್ದ, ನಾನು ಒಮ್ಮೆಯೂ ಬಳಸದ ಪಾಸ್‌ವರ್ಡಿನಿಂದ. ಬಳಸುವುದಕ್ಕೆ ನನಗೆ ಬರುತ್ತಲೂ ಇರಲಿಲ್ಲ.

ಬೆಳಿಗ್ಗೆ ಯಾರು ಬಂದಿದ್ದರೆಂದು ಮಲ್ಲಪ್ಪನನ್ನು ಕೇಳಿದೆ. "ನೀವ ಬಂದಿದ್ರಲ್ರಿ. ನಮಸ್ಕಾರ ಅಂದ್ರೂ ಮಾತಾಡ್ಲಿಲ್ಲ. ರಿಲೇ ಪ್ಯಾನೆಲ್ ಮುಂದ ಒಂದ್ ಗಳಿಗಿ ನಿಂತು ಹ್ವಾದ್ರಿ," ಅಂದ. ಷಡ್ಡಕನಿಗೂ ಫೋನ್ ಮಾಡಿ ಕೇಳಿದೆ. ಒಂಬತ್ತೂವರೆಯಿಂದ ಫೋನು ಬರುವವರೆಗೆ ನಾನು ಅವನೆದುರಿನಿಂದ ಎದ್ದೇ ಇರಲಿಲ್ಲವೆಂದ.

"ಸರ್, ನನ್ನ ತಪ್ಪು ಯಾರಿಗೂ ಹೇಳದಂಗ ತಿದ್ದೀರಿ," ಎಂದಳು ರೇಣುಕಾ. "ನಿಮ್ಮ ಜಾಗದಾಗ ನಾ ಇದ್ರ ಇಷ್ಟು ದೊಡ್ಡ ಮನಸ್ಸು ಮಾಡ್ತಿದ್ನೋ ಇಲ್ಲೋ." ಅವಳ ಕಣ್ಣಲ್ಲಿ ನೀರಿತ್ತು. ಸಾಹೇಬರು ಬಂದಾಗ ತನ್ನ ತಪ್ಪನ್ನೂ ನನ್ನ ಒಳ್ಳೆಯತನವನ್ನೂ ಅವಳೇ ಹೇಳಿದಳು. ಅವರು ನನ್ನ ಬೆನ್ನು ತಟ್ಟಿದರು. ಅವತ್ತೂ ನಾನು ಬಾಯಿ ಬಿಡಲಿಲ್ಲ.

ಆಮೇಲೆ ಹೊಸ ರಿಲೇಯ ಕೆಲಸವನ್ನು ಅವಳಿಂದಲೇ ಕಲಿತೆ. ಅವಳ ಮೇಲೆ ನನಗೀಗ ಹೊಟ್ಟೆಕಿಚ್ಚಿಲ್ಲ. ಅದು ಬೇರೊಬ್ಬನ ಮೇಲೆ ತಿರುಗಿದೆ. ಹತ್ತು ಗಂಟೆಗೆ ಬಂದು, ಯಾರನ್ನೂ ಮಾತಾಡಿಸದೆ, ನಾನು ಮಾಡಬೇಕಾಗಿದ್ದ ಕೆಲಸ ಮಾಡಿ ಹೋದನಲ್ಲ, ಅವನ ಮೇಲೆ. ಅವನು ಯಾರೆಂದು ನನಗೆ ಗೊತ್ತಿಲ್ಲ. ನನ್ನದೇ ಮುಖ ಇದ್ದವನಿಗೆ ಆ ಮನಸ್ಸು ಬಂತು, ನನಗೆ ಯಾಕೆ ಬರಲಿಲ್ಲ ಎಂಬುದೂ ಗೊತ್ತಿಲ್ಲ.